ಚಿಕ್ಕಪ್ಪ ಕಟ್ಟದೇ ಹೋದ ಸೇತುವೆ

ಆಗಸ್ಟ್ 10, 2024, ಶನಿವಾರ
ನಂಜನಗೂಡು

ಶಾಲೆಗೆ ಹೋಗಿ ಬಂದೆ. ಒಂಬತ್ತನೇ ತರಗತಿಯ ಬೋರ್ಡಿನ ಮೇಲೆ ಲೆಕ್ಕವೊಂದನ್ನು ಬರೆದು, ಬಿಡಿಸುವ ಮೊದಲೇ ಒರೆಸಿಬಿಟ್ಟೆ. ಮಕ್ಕಳಿಗೆ ಸುದ್ದಿ ಗೊತ್ತಿರಬೇಕು, ತಾವೇ ಪುಸ್ತಕ ತೆಗೆದು ಓದಿಕೊಂಡರು. ಮನೆಗೆ ಬಂದು ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ. ಎಲ್ಲಿಯೂ ಎರಡು ನಿಮಿಷ ಕೂರಲು ಆಗುತ್ತಿಲ್ಲ. ಕೈಗೊಂದು ಕೆಲಸವಿರಲಿ ಎಂದು ಈ ಹಳೆಯ ಪಾಠಯೋಜನೆ ಪುಸ್ತಕದ ಖಾಲಿ ಹಾಳೆಗಳಲ್ಲಿ ಬರೆಯುತ್ತಿದ್ದೇನೆ. ಯಾರಿಗೂ ತೋರಿಸುವುದಕ್ಕಲ್ಲ.

ಬುಧವಾರ ಬೆಳಿಗ್ಗೆ ಚಿಕ್ಕಪ್ಪ ತೀರಿಕೊಂಡರು. ಟಿ. ನರಸೀಪುರದ ಮನೆಯಲ್ಲಿ ಕಾಫಿ ಕುಡಿದು, ಲೋಟವನ್ನು ತಾವೇ ತೊಳೆದಿಟ್ಟು, ಪೇಪರ್ ಹಿಡಿದು ಕೂತವರು ಹಾಗೆಯೇ ಒರಗಿದರಂತೆ. ಅರವತ್ತೆಂಟು ವರ್ಷ. ನಮ್ಮ ಕೇರಿಯ ಮೊದಲ ಎಂಜಿನಿಯರ್ ಚಿಕ್ಕಮಾದು. ಗುರುವಾರ ಹುಟ್ಟೂರು ನೇರಳೆಹುಂಡಿಗೆ ತಂದು, ತಾತನ ಪಕ್ಕದಲ್ಲಿ ಮಣ್ಣು ಮಾಡಿದೆವು.

ಬರೆದಷ್ಟು ಸಲೀಸಾಗಿ ಆಗಲಿಲ್ಲ ಅದು. ಕೇರಿಗೂ ಮಸಣಕ್ಕೂ ನಡುವೆ ನಾಲೆ. ಈಗ ನೀರು ಬಿಟ್ಟಿರುವ ಕಾಲ. ಅರ್ಧ ಮೈಲಿ ಮೇಲೆ ಒಂದು ಸೇತುವೆ ಇದೆ, ಆದರೆ ಅಲ್ಲಿಗೆ ಹೋಗಬೇಕಾದರೆ ಬೇರೆಯವರ ಗದ್ದೆ ಬದುವಿನ ಮೇಲೆ ನಡೆಯಬೇಕು. ನಮ್ಮ ಹೆಣಗಳನ್ನು ಆ ಬದುವಿನ ಮೇಲೆ ಬಿಡುವುದಿಲ್ಲ. ಹಾಗಾಗಿ ಆರು ಜನ ಗಂಡಸರು ಚಟ್ಟವನ್ನು ತಲೆಯ ಮೇಲೆತ್ತಿ ಸೊಂಟದ ಮಟ್ಟದ ನೀರಿಗೆ ಇಳಿದರು. ನಡುವೆ ಒಬ್ಬನ ಕಾಲು ಜಾರಿತು. ಚಟ್ಟ ವಾಲಿ ಚಿಕ್ಕಪ್ಪನ ಪಾದಗಳು ನೀರಿಗೆ ತಾಗಿದವು. ನನ್ನ ತಮ್ಮ ಪ್ರೇಮ್‌ಕುಮಾರ್ ಹೇಗೋ ಭುಜ ಕೊಟ್ಟು ಎತ್ತಿದ. ಈ ದಡದಲ್ಲಿ ನಿಂತ ಹೆಂಗಸರೆಲ್ಲ ಕೂಗಿಕೊಂಡೆವು.

ಮಂಚಮ್ಮತ್ತೆ ಮಾತ್ರ ಅಳಲಿಲ್ಲ. ಅವಳು ಚಿಕ್ಕಪ್ಪನ ದೊಡ್ಡಪ್ಪನ ಮಗಳು. ಚಿಕ್ಕಂದಿನಲ್ಲಿ ಅವರನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಕೋಲೂರಿ ನಿಂತು ನಾಲೆಯ ಕಡೆಗೆ ಕೂಗಿದಳು: “ಊರೂರ್ಗೆಲ್ಲ ಸ್ಯಾತ್ವೆ ಕಟ್ದಲ್ಲೋ ಮಾದು! ಈಗ ನಿನ್ನೇ ನೀರೊಳ್ಗೆ ಎತ್ಕೊಂಡೋಯ್ತಾವ್ರೆ, ನೋಡ್ಕೊ!”

ಯಾರೂ ಅವಳ ಬಾಯಿ ಮುಚ್ಚಿಸಲಿಲ್ಲ.

ಆಗಸ್ಟ್ 13, ಮಂಗಳವಾರ

ಪ್ರೇಮ್‌ಕುಮಾರ್ ಫೋನ್ ಮಾಡಿದ್ದ. ಇಪ್ಪತ್ತೈದನೇ ತಾರೀಖು ಭಾನುವಾರ ನೇರಳೆಹುಂಡಿಯ ಸಮುದಾಯ ಭವನದಲ್ಲಿ ನುಡಿನಮನ. ಬುದ್ಧವಂದನೆ ಆದ ಮೇಲೆ ನಾನು ಚಿಕ್ಕಪ್ಪನ ಬದುಕಿನ ಬಗ್ಗೆ ಮಾತನಾಡಬೇಕು. “ನಾಲ್ಕು ಪುಟ ಬರ್ಕೊ ಅಕ್ಕ. ನಿನ್ನಷ್ಟು ಅವ್ರ್ನ ಬಲ್ಲೋರು ಯಾರವ್ರೆ?”

ಬರೆದೆ. ಸಾವಿರದ ಒಂಬೈನೂರ ಐವತ್ತಾರರಲ್ಲಿ ಜನನ. ಹಾಸ್ಟೆಲಿನಲ್ಲಿದ್ದು ಓದಿದರು. ಎಂಬತ್ತೊಂದರಲ್ಲಿ ನೀರಾವರಿ ಇಲಾಖೆಗೆ ಸೇರಿದರು. ಕಾಲುವೆ, ತೂಬು, ಸೇತುವೆ. ಒಂದು ದಿನವೂ ಕೈ ಕೊಳೆ ಮಾಡಿಕೊಳ್ಳಲಿಲ್ಲ. ಓದಿ ನೋಡಿದರೆ ಯಾರದೋ ಸರ್ವಿಸ್ ಪುಸ್ತಕ. ಹರಿದೆ.

ನಿಜವಾಗಿ ನೆನಪಾಗುವುದು ಬೇರೆಯೇ. ಯಾರ ಮನೆಯ ಗೃಹಪ್ರವೇಶಕ್ಕೆ ಹೋದರೂ ಬಚ್ಚಲಿಗೆ ಹೋಗಿ ಒಂದು ಚೊಂಬು ನೀರನ್ನು ನೆಲಕ್ಕೆ ಸುರಿದು, ಅದು ಯಾವ ಕಡೆ ಹರಿಯುತ್ತದೆ ಎಂದು ಬಗ್ಗಿ ನೋಡುತ್ತಿದ್ದರು. ಚಿಕ್ಕಮ್ಮನಿಗೆ ನಾಚಿಕೆಯಾಗುತ್ತಿತ್ತು. “ಊಟಕ್ಕೆ ಕರ್ದವ್ರೆ, ತನಿಖೆಗಲ್ಲ” ಎನ್ನುವಳು. ಅಪ್ಪ ಸತ್ತಾಗ ನನಗೆ ಒಂಬತ್ತು ವರ್ಷ. ಆ ಬೇಸಿಗೆಯಲ್ಲಿ ಚಿಕ್ಕಪ್ಪ ನನ್ನನ್ನು ತೆಂಗಿನ ಮರದ ಕೆಳಗೆ ನಿಲ್ಲಿಸಿ, ನನ್ನ ನೆರಳನ್ನೂ ಮರದ ನೆರಳನ್ನೂ ಅಳೆಸಿ, ಹತ್ತದೆಯೇ ಮರದ ಎತ್ತರ ಕಂಡುಹಿಡಿಯುವುದನ್ನು ಹೇಳಿಕೊಟ್ಟರು. ನಾನು ಗಣಿತದ ಟೀಚರಾದದ್ದು ಅವತ್ತೇ. ಯಶೋಧರಾ ಎಂಬ ಹೆಸರಿಟ್ಟದ್ದೂ ಅವರೇ.

ಇದನ್ನೆಲ್ಲ ಹೇಳಬಹುದು. ಹೇಳಲು ಮನಸ್ಸು ಬರುತ್ತಿಲ್ಲ.

ಆಗಸ್ಟ್ 15, ಗುರುವಾರ

ಧ್ವಜ ಹಾರಿಸಿ, ಸಿಹಿ ಹಂಚಿ, ಬೇಗ ಮನೆಗೆ ಬಂದೆ. ಕಾಲು ಹೋದ ಕಡೆ ನಡೆದು ಕಪಿಲೆಯ ಸ್ನಾನಘಟ್ಟಕ್ಕೆ ಹೋದೆ. ನೆರೆ ಇಳಿದ ಮೆಟ್ಟಿಲುಗಳು ಇನ್ನೂ ಕೆಸರು. ನಿಲ್ಲಲಾಗದೆ ವಾಪಸ್ಸು ಬಂದೆ.

ಮನಸ್ಸು ಯಾಕೆ ಬರುತ್ತಿಲ್ಲ ಎಂದು ಬರೆದೇಬಿಡುತ್ತೇನೆ. ಐದು ವರ್ಷದಿಂದ ನಾನು ಚಿಕ್ಕಪ್ಪನ ಜೊತೆ ನೆಟ್ಟಗೆ ಮಾತಾಡಿರಲಿಲ್ಲ.

ಆಗ ನಾನಿದ್ದದ್ದು ಎಚ್.ಡಿ. ಕೋಟೆಯ ಕಾಡಂಚಿನ ಶಾಲೆಯಲ್ಲಿ. ಅಮ್ಮನಿಗೆ ಲಕ್ವ ಹೊಡೆದು ಟಿ. ನರಸೀಪುರದಲ್ಲಿ ಹಾಸಿಗೆ ಹಿಡಿದಿದ್ದಳು. ವರ್ಗಾವಣೆಗೆ ಅರ್ಜಿ ಹಾಕಿದ್ದೆ. ನಿಯಮದ ಪ್ರಕಾರ ನನಗೆ ಸಿಗಲೇಬೇಕಿತ್ತು, ಆದರೆ ಕಡತ ಎಲ್ಲೋ ಮಲಗಿತ್ತು. ಅದನ್ನು ಎಬ್ಬಿಸಬಲ್ಲ ಅಧಿಕಾರಿ ಚಿಕ್ಕಪ್ಪನ ಹಾಸ್ಟೆಲ್ ಗೆಳೆಯರು. ಒಂದು ಮಾತು ಹೇಳಿ ಎಂದು ಕೇಳಿದೆ. ಬದುಕಿನಲ್ಲಿ ಅವರನ್ನು ನಾನು ಕೇಳಿದ್ದು ಅದೊಂದೇ.

“ಬೇರೆಯವ್ರಿಗಾದ್ರೆ ಹೇಳ್ತಿದ್ದೆ ಯಶು. ನಮ್ಮವರಿಗೇ ಕೇಳಿದ್ರೆ ನಾಳೆ ಜನ ಏನಂತಾರೆ?” ಎಂದರು.

ಅಮ್ಮ ಹೋದಾಗ ನಾನು ಬಸ್ಸಿನಲ್ಲಿದ್ದೆ.

ಸಾಯುವ ಹಿಂದಿನ ಭಾನುವಾರ ಚಿಕ್ಕಪ್ಪ ಎರಡು ಸಲ ಫೋನ್ ಮಾಡಿದ್ದರು. ಎತ್ತಲಿಲ್ಲ.

ಆಗಸ್ಟ್ 18, ಭಾನುವಾರ
ಟಿ. ನರಸೀಪುರ

ಚಿಕ್ಕಮ್ಮನ ಜೊತೆ ಇದ್ದು ಬರೋಣವೆಂದು ಬಂದೆ. ಅವರಿಗೆ ಮಕ್ಕಳಿಲ್ಲ, ಇರುವುದು ನಾನೂ ಪ್ರೇಮನೂ ಅಷ್ಟೇ. ಚಿಕ್ಕಮ್ಮ ಉಪ್ಪಿಟ್ಟು ಕೊಟ್ಟು, ಒಂದು ಫೈಲ್ ತಂದು ಮುಂದಿಟ್ಟಳು. “ಮೂರು ವರ್ಸದಿಂದ ಇದೇ ಕ್ಯಾಮೆ. ಬರೆಯೋದು, ಆಪೀಸ್ಗೆ ಓಗೋದು, ಬರೋದು.”

ಹತ್ತೊಂಬತ್ತು ಅರ್ಜಿಗಳು. ಎಲ್ಲವೂ ನೇರಳೆಹುಂಡಿ ನಾಲೆಗೆ ಒಂದು ಕಾಲುಸೇತುವೆ ಬೇಕೆಂದು. ಮೊದಲನೆಯದರ ತಾರೀಖು ನೋಡಿ ನನಗೆ ನೆನಪಾಯಿತು. ಅದರ ಹಿಂದಿನ ದಿನ ಮಂಚಮ್ಮತ್ತೆಯ ಗಂಡನನ್ನು ಹೊತ್ತುಕೊಂಡು ನಾಲೆ ದಾಟುವಾಗ ಚಟ್ಟ ಜಾರಿ ಹೆಣ ನೀರು ಪಾಲಾಗಿತ್ತು. ನೂರು ಗಜ ಕೆಳಗೆ ಜೊಂಡಿನ ಪೊದೆಗೆ ಸಿಕ್ಕಿಕೊಂಡಾಗ ಹಿಡಿದರು. ಅಂದಿನಿಂದ ಅವಳು ಚಿಕ್ಕಪ್ಪನ ಜೊತೆ ಮಾತು ಬಿಟ್ಟಿದ್ದಳು.

ಅರ್ಜಿಗಳನ್ನೆಲ್ಲ ಓದಿದೆ. ‘ಸಾರ್ವಜನಿಕರ ಹಿತದೃಷ್ಟಿಯಿಂದ’ ಎಂದು ಶುರು. ಅದು ತಮ್ಮ ಕೇರಿ, ತಮ್ಮ ಮಸಣ, ತಮ್ಮ ಅಕ್ಕನ ಗಂಡ ಎಂಬುದು ಒಂದರಲ್ಲೂ ಇಲ್ಲ. ಯಾರೋ ದಾರಿಹೋಕ ಬರೆದಂತಿದೆ.

“ಯಾಕ್ ಇಂಗೆ ಬರೀತಿದ್ರು?” ಎಂದೆ.

“ನಂಗೇನ್ ಗೊತ್ತವ್ವ. ಬನ್ನೂರ ಚೆಲುವರಾಜುನ ಕೇಳು. ಅವ್ರಿಬ್ರೂ ಸೇರ್ಕೊಂಡ್ರೆ ಆ ನಾಲೆ ಸುದ್ದಿನೇಯ.”

ಆಗಸ್ಟ್ 20, ಮಂಗಳವಾರ

ರಜೆ ಹಾಕಿ ಬನ್ನೂರಿಗೆ ಹೋಗಿದ್ದೆ. ಚೆಲುವರಾಜು ಚಿಕ್ಕಪ್ಪನ ಕೈಕೆಳಗೆ ವರ್ಕ್ ಇನ್ಸ್‌ಪೆಕ್ಟರ್ ಆಗಿದ್ದವರು. ಈಗ ಎಪ್ಪತ್ತರ ಮೇಲೆ. ಮನೆಯ ಮುಂದೆ ಭತ್ತ ಒಣಗಲು ಹಾಕಿ ಕೋಳಿ ಓಡಿಸುತ್ತ ಕೂತಿದ್ದರು. ಚಿಕ್ಕಪ್ಪನ ಹೆಸರೆತ್ತಿದ ಕೂಡಲೇ ಕಣ್ಣೊರೆಸಿಕೊಂಡರು. ಸೇತುವೆಯ ಮಾತೆತ್ತಿದಾಗ ತಲೆ ಅಲ್ಲಾಡಿಸಿದರು.

“ಅವ್ರೇ ಓದ್ರಲ್ಲ, ಈಗ್ಯಾಕವ್ವ ಅದು?”

“ನಾನು ಅವ್ರ ಬಗ್ಗೆ ಮಾತಾಡ್ಬೇಕು ಚೆಲುವರಾಜಣ್ಣ. ಗೊತ್ತಿಲ್ದೆ ಹೇಗ್ ಮಾತಾಡ್ಲಿ?”

ಕೋಳಿಗಳನ್ನು ಇನ್ನೊಮ್ಮೆ ಓಡಿಸಿ ಬಂದು ಕೂತರು. ಆಮೇಲೆ ಹೇಳಿದರು.

ಎಂಬತ್ತೇಳನೇ ಇಸವಿ. ಆ ಕವಲು ನಾಲೆಯ ಕೆಲಸಕ್ಕೆ ಚಿಕ್ಕಪ್ಪನೇ ಎಂಜಿನಿಯರ್. ನೇರಳೆಹುಂಡಿ ಎಲ್ಲೆಗೆ ಒಂದೇ ಸೇತುವೆ ಮಂಜೂರಾಗಿತ್ತು. ಮೊದಲ ನಕ್ಷೆಯಲ್ಲಿ ಅದು ಇದ್ದದ್ದು ನಮ್ಮ ಕೇರಿಯ ಎದುರಿಗೆ, ಮಸಣದ ದಾರಿಗೆ ಸರಿಯಾಗಿ. ಮೇಲಿನ ಗದ್ದೆಯವರು ನಮಗೆ ಗಾಡಿ ದಾಟಿಸಲು ಬೇಕು ಎಂದು ಕೇಳಿದರು. ಮೇಲಧಿಕಾರಿ ನಿರ್ಧಾರವನ್ನು ಚಿಕ್ಕಪ್ಪನಿಗೇ ಬಿಟ್ಟರು. ‘ನಿಮ್ಮೂರು, ನೀವೇ ಹೇಳಿ’ ಎಂದರು.

“ಯಾರೂ ಬಲವಂತ ಮಾಡ್ನಿಲ್ಲ ಕಣವ್ವ. ಅವತ್ತು ಜೀಪಲ್ಲಿ ಒಬ್ಬ ತಮಾಸೆಗೆ ಅಂದ, ‘ಸಾಯೇಬ್ರು ಮೊದ್ಲು ತಮ್ ಕೇರಿಗೆ ದಾರಿ ಮಾಡ್ಕೊಂಡ್ರು ಬುಡಿ’ ಅಂತ. ಎಲ್ಲ ನಕ್ರು. ಸಾಯೇಬ್ರು ನಗ್ನಿಲ್ಲ. ಮಾರ್ನೇ ದಿನ ಆಪೀಸ್ಗೆ ಬಂದವ್ರೆ ನಕ್ಷೆ ಬಿಚ್ಚಿ, ಕೆಂಪು ಸಾಯೀಲಿ ಒಡ್ದಾಕಿ, ಮೇಲಕ್ ಬರ್ದು ರುಜು ಮಾಡುದ್ರು. ‘ಬ್ಯಾಡಿ ಸಾ’ ಅಂದೆ. ‘ಚೆಲುವರಾಜು, ನಾವು ಮೊದಲ್ನೇವ್ರು. ನಮ್ ಮ್ಯಾಲೆ ಒಂದ್ ಮಾತು ಬಂದ್ರೆ ಹಿಂದೆ ಬರೋ ಹುಡುಗರಿಗೆಲ್ಲ ಬತ್ತದೆ’ ಅಂದ್ರು.”

“ಆ ನಕ್ಷೆ ಈಗೆಲ್ಲಿದೆ?”

“ಅವ್ರತ್ರನೇ ಒಂದು ಪ್ರತಿ ಇತ್ತು. ಅದ್ನ ಅರ್ಜಿ ಜೊತೆ ಇಟ್ಟಿದ್ರೆ ಯಾವಾಗ್ಲೋ ಕೆಲ್ಸ ಆಗ್ತಿತ್ತು. ಮೊದ್ಲೇ ಮಂಜೂರಾಗಿದ್ ಜಾಗ ಅಲ್ವ? ‘ಇಡಿ ಸಾ’ ಅಂತ ಎಷ್ಟು ಸಲ ಏಳ್ದೆ. ಇಟ್ರೆ ಅವ್ರ ರುಜು ಕಾಣ್ತಿತ್ತಲ್ಲ.”

ಆಗಸ್ಟ್ 21

ನನಗೆ ಮಾಡಿದ್ದನ್ನೇ ಕೇರಿಗೂ ಮಾಡಿದ್ದರು. ಸಿಟ್ಟು ಇಳಿಯಬೇಕಿತ್ತೇನೋ. ಏರಿದೆ.

ಆಗಸ್ಟ್ 23, ಶುಕ್ರವಾರ

ಶಾಲೆ ಬಿಟ್ಟ ಮೇಲೆ ನೇರ ಬಸ್ಸು ಹತ್ತಿ ಟಿ. ನರಸೀಪುರಕ್ಕೆ ಹೋದೆ. ಚಿಕ್ಕಮ್ಮ ಮಂಚದ ಕೆಳಗಿನ ಟ್ರಂಕು ತೋರಿಸಿದಳು. ಸುರುಳಿ ಸುತ್ತಿದ ನಕ್ಷೆ ಬಟ್ಟೆಗಳ ಅಡಿಯಲ್ಲಿತ್ತು. ಚೆಲುವರಾಜಣ್ಣ ಹೇಳಿದಂತೆಯೇ. ಕೇರಿಯ ಎದುರಿನ ಎರಡು ಗೆರೆಗಳ ಮೇಲೆ ಕೆಂಪು ಶಾಯಿಯ ಅಡ್ಡಗೀಟು, ಮೇಲೆ ಹೊಸ ಗುರುತು, ಪಕ್ಕದಲ್ಲಿ ರುಜು. ಎಷ್ಟು ಅಂದವಾದ ಅಕ್ಷರ ಅವರದು. ನನ್ನ ಅಂಕಪಟ್ಟಿಗಳ ಮೇಲೆ ಪೋಷಕರ ಸಹಿಯ ಜಾಗದಲ್ಲಿ ಇದ್ದದ್ದೂ ಇದೇ ರುಜು.

ಪ್ರೇಮ್‌ಕುಮಾರ್ ತಾನು ಕೆಲಸ ಮಾಡುವ ಬಸ್ ಡಿಪೊದಿಂದ ಗ್ರೀಸು ಕೈಯಲ್ಲೇ ಬಂದ. ನೋಡಿದ. ಅವನ ಮುಖ ಕೆಂಪಾಯಿತು.

“ಇದ್ನ ನೀನು ಭಾನುವಾರ ಎತ್ಕೊಂಡು ಬರ್ಬೇಡ.”

“ಇದನ್ನ ಕೊಟ್ರೆ ಸೇತುವೆ ಆಗತ್ತೆ ಕಣೋ.”

“ಆಗ್ಲಿ, ಆಮೇಲ್ ನೋಡುವ. ಅವತ್ತು ಇಡೀ ತಾಲ್ಲೂಕಿನ ಜನ ಬತ್ತಾವ್ರೆ. ನಮ್ ಕೇರಿಲಿ ದೊಡ್ಡ ಎಸ್ರು ಅಂತ ಇರೋದು ಅದೊಂದೇಯ. ಸತ್ತು ಮೂರು ವಾರ ಆಗಿಲ್ಲ, ಅದ್ನೂ ಕೆಡುಸ್ತೀಯಾ ಅಕ್ಕ? ನಿಂಗೆ ಅವ್ರ ಮೇಲೆ ಸಿಟ್ಟಿತ್ತು, ನಂಗೊತ್ತು.”

ನಕ್ಷೆಯನ್ನು ಸುರುಳಿ ಸುತ್ತಿ ಬ್ಯಾಗಿಗೆ ಹಾಕಿಕೊಂಡೆ. ಹೇಳಬೇಕೆನಿಸುತ್ತಿರುವುದು ಸೇತುವೆಗಾಗಿಯೋ, ಅಮ್ಮನಿಗಾಗಿಯೋ?

ಅವನು ಹೋದ ಮೇಲೆ ಚಿಕ್ಕಮ್ಮ ಮೆಲ್ಲಗೆ ಹೇಳಿದಳು: “ಅವ್ರು ಏಳ್ಬೇಕು ಅಂತಾನೇ ಇದ್ರು. ಮಂಚಮ್ಮಕ್ಕನ ಮನೆ ಬಾಗ್ಲವರ್ಗೂ ಎರಡು ಸಲ ಓಗಿ ವಾಪಸ್ ಬಂದವ್ರೆ. ನಾನೂ ಜೊತೆಗಿದ್ದೆ. ಜಗಲಿ ಕೆಳ್ಗೆ ಚಪ್ಲಿ ಬುಟ್ಟು ನಿಂತ್ಕೊಂಡು, ಮತ್ತೆ ಮೆಟ್ಕೊಂಡು ಬಂದ್ಬುಟ್ರು.”

ಆಗಸ್ಟ್ 25, ಭಾನುವಾರ

ಮುಗಿಯಿತು.

ಸಮುದಾಯ ಭವನ ತುಂಬಿ ಹೊರಗೂ ಜನ. ಬಂದವರಲ್ಲಿ ಅರ್ಧ ಜನ ಚಿಕ್ಕಪ್ಪ ಓದಿಸಿದವರು. ಒಬ್ಬೊಬ್ಬರೂ ಎದ್ದು, ಫೀಸು ಕಟ್ಟಿದ್ದು, ಹಾಸ್ಟೆಲಿಗೆ ಸೇರಿಸಿದ್ದು ಹೇಳಿ ಅತ್ತರು. ಎಲ್ಲವೂ ನಿಜ. ನನ್ನ ಸರದಿ ಬಂದಾಗ ನಾನೂ ತೆಂಗಿನ ಮರದ ನೆರಳಿನ ಕತೆ ಹೇಳಿದೆ. ಜನ ನಕ್ಕರು, ಕಣ್ಣೊರೆಸಿಕೊಂಡರು. ಅಲ್ಲಿಗೇ ಕೂರಬಹುದಿತ್ತು. ಪ್ರೇಮ್‌ಕುಮಾರ್ ಮೊದಲ ಸಾಲಿನಿಂದ ಕೂತ್ಕೊ ಎಂಬಂತೆ ನೋಡುತ್ತಿದ್ದ.

ಬ್ಯಾಗಿನಿಂದ ನಕ್ಷೆ ತೆಗೆದೆ. ಜೋರು ಮಾತಿಲ್ಲದೆ ಹೇಳಿದೆ. ಸೇತುವೆ ನಮ್ಮ ಎದುರಿಗೇ ಇತ್ತು, ಚಿಕ್ಕಪ್ಪನೇ ಮೇಲಕ್ಕೆ ಒಯ್ದರು. ಒಂದು ಕಾಸು ಮುಟ್ಟಲಿಲ್ಲ, ಯಾರಿಗೂ ಹೆದರಲಿಲ್ಲ, ತಮ್ಮವರಿಗೆ ಮಾಡಿಕೊಂಡ ಎಂಬ ಒಂದು ಮಾತಿಗೆ ಹೆದರಿದರು. ಮೂರು ವರ್ಷ ಅದನ್ನು ಸರಿಮಾಡಲು ಓಡಾಡಿದರು. ನಿಮ್ಮ ಮುಂದೆ ಹೇಳಲು ಅವರಿಗೆ ಬಾಯಿ ಬರಲಿಲ್ಲ.

ಪ್ರೇಮ್‌ಕುಮಾರ್ ಎದ್ದು ಹೊರಗೆ ಹೋದ. ಹಿಂದಿನಿಂದ ಮಂಚಮ್ಮತ್ತೆಯ ದನಿ ಬಂತು.

“ಅಂಗಾದ್ರೆ ಮೊದ್ಲು ನಮ್ಮತ್ರಕ್ಕೇ ಬರ್ದಿದ್ರಾ ಮೊಗ?”

“ಹೌದು ಅತ್ತೆ.”

“ಅದ್ನ ಮಾದುನೇ ಒಡ್ದಾಕ್ದನಾ?”

“ಹೌದು.”

ಅವಳು ಕೋಲು ತೆಗೆದುಕೊಂಡು ಎದ್ದಳು. ಊಟ ಮಾಡದೆ ಹೋದಳು. ಚಿಕ್ಕಮ್ಮ ಮಾತ್ರ ನನ್ನ ಪಕ್ಕ ಬಂದು ಕೂತು, ನಕ್ಷೆಯನ್ನು ಸುರುಳಿ ಸುತ್ತಿ ತನ್ನ ಮಡಿಲಲ್ಲಿಟ್ಟುಕೊಂಡಳು.

ಸೆಪ್ಟೆಂಬರ್ 1, ಭಾನುವಾರ
ನೇರಳೆಹುಂಡಿ

ಹೊಸ ಅರ್ಜಿಗೆ ಕೇರಿಯ ಅರವತ್ಮೂರು ಮನೆಗಳ ಸಹಿ ಬೇಕಿತ್ತು. ಮೊದಲ ಮೂರು ಮನೆಯವರು ‘ನೋಡುವ ಬುಡವ್ವ’ ಎಂದರು. ನಾಲ್ಕನೇ ಮನೆ ಮಂಚಮ್ಮತ್ತೆಯದು. ಜಗಲಿಯ ಕೆಳಗೆ ನಿಂತೆ. ಒಂದು ಕ್ಷಣ ಹಿಂದಕ್ಕೆ ಹೋಗಿಬಿಡೋಣ ಅನ್ನಿಸಿತು. ಚಪ್ಪಲಿ ಬಿಟ್ಟು ಹತ್ತಿದೆ.

ಅವಳು ಬಹಳ ಹೊತ್ತು ಬೈದಳು. ಚಿಕ್ಕಪ್ಪನನ್ನು, ನನ್ನನ್ನು, ಓದಿದವರೆಲ್ಲರನ್ನೂ. “ನೀವು ಓದಿದ್ ಜನ ನಮ್ಮೋರು ಅನ್ನಾಕೆ ನಾಚ್ಕೊತೀರಿ. ನಾವು ನಿಮ್ಮ ನಮ್ಮೋರು ಅಂತ ಊರೆಲ್ಲ ಏಳ್ಕೊಂಡು ತಿರುಗ್ತೀವಿ.” ಬೈದು ಸಾಕಾದ ಮೇಲೆ ಕೈ ಚಾಚಿದಳು. “ಎಲ್ಲಿ ಒತ್ಬೇಕು, ತೋರ್ಸು.”

ಹೆಬ್ಬೆಟ್ಟಿನ ಮಸಿಯನ್ನು ಸೆರಗಿಗೆ ಒರೆಸಿಕೊಂಡು, ಮಿಕ್ಕ ಮನೆಗಳಿಗೆ ತಾನೇ ಮುಂದೆ ನಡೆದಳು. ಮಧ್ಯಾಹ್ನದೊಳಗೆ ಅರವತ್ಮೂರೂ ಆಯಿತು.

ಸೆಪ್ಟೆಂಬರ್ 11, ಬುಧವಾರ

ಕಚೇರಿಗೆ ಹೋಗಿದ್ದೆವು. ನಾನು, ಚೆಲುವರಾಜಣ್ಣ. ಎಂಜಿನಿಯರ್ ನಂದಿತಾ ಎಂಬ ಚಿಕ್ಕ ವಯಸ್ಸಿನ ಹುಡುಗಿ. ಚಿಕ್ಕಪ್ಪನ ಅರ್ಜಿಗಳು ಅವಳಿಗೆ ನೆನಪಿದ್ದವು.

“ಅವ್ರು ಬಂದಾಗ ನಾನು ಕೇಳ್ದೆ ಮೇಡಂ, ಸಾರ್ವಜನಿಕರು ಅಂದ್ರೆ ಯಾರು ಸರ್ ಅಂತ. ‘ಜನ’ ಅಂದ್ರು. ಮೇಲೆ ಸೇತುವೆ ಇದೆಯಲ್ಲ ಅಂತ ಪ್ರತಿ ಸಲ ವಾಪಸ್ ಬರೋದು. ನೀವು ಯಾರ ಪರವಾಗಿ ಬಂದಿದ್ದೀರಿ?”

“ನಮ್ಮ ಕೇರಿಯ ಪರವಾಗಿ. ನಮ್ಮವರ ಹೆಣ ಹೋಗೋ ದಾರಿ ಅದು. ಮೇಲಿನ ಸೇತುವೆಗೆ ನಮ್ಮನ್ನ ಬಿಡಲ್ಲ. ಇದು ಮೊದಲೇ ನಮಗೆ ಕೊಟ್ಟಿದ್ದು” ಎಂದು ನಕ್ಷೆ ಬಿಚ್ಚಿದೆ.

ಅವಳು ಕೆಂಪು ಗೀಟಿನ ಪಕ್ಕದ ರುಜುವನ್ನು ನೋಡಿದಳು, ನನ್ನನ್ನು ನೋಡಿದಳು. ನಕಲು ಮಾಡಿಸಿಕೊಂಡಳು. ಈ ವರ್ಷ ನೀರು ನಿಂತ ಮೇಲಿನ ದುರಸ್ತಿ ಕೆಲಸಗಳ ಜೊತೆ ಸೇರಿಸಲು ಬರೆಯುತ್ತೇನೆ ಎಂದಳು.

ಹಿಂದಿರುಗುವಾಗ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಹತ್ತನೇ ತರಗತಿಯ ಉತ್ತರ ಪತ್ರಿಕೆಗಳು ಹಾಗೆಯೇ ಬಿದ್ದಿವೆ.

ನವೆಂಬರ್ 6

ಮಂಜೂರಾತಿ ಇನ್ನೂ ಬಂದಿಲ್ಲ. ಇವತ್ತು ಐದನೇ ಸಲ ಫೋನ್ ಮಾಡಿದೆ. ಪ್ರೇಮ್‌ಕುಮಾರ್ ಈಗಲೂ ಮಾತಾಡುತ್ತಿಲ್ಲ.

ಡಿಸೆಂಬರ್ 13, ಶುಕ್ರವಾರ

ಮಂಜೂರಾಯಿತು. ನಂದಿತಾ ಫೋನಿನಲ್ಲೇ ಹೇಳಿದಳು. ಪಾಠದ ನಡುವೆ ವರಾಂಡಕ್ಕೆ ಬಂದು ಕೇಳಿಸಿಕೊಂಡು, ಒಳಗೆ ಹೋಗಿ ಪೈಥಾಗೊರಸ್ ಮುಂದುವರಿಸಿದೆ. ಮನೆಗೆ ಬಂದು ಅತ್ತುಬಿಟ್ಟೆ. ಚಿಕ್ಕಪ್ಪನಿಗೆ ಹೇಳಬೇಕು ಎಂದು ಕೈ ಫೋನಿಗೆ ಹೋಗಿತ್ತು.

ಫೆಬ್ರವರಿ 2, 2025, ಭಾನುವಾರ
ನೇರಳೆಹುಂಡಿ

ಸೇತುವೆಗೆ ಕಾಂಕ್ರೀಟ್ ಹಾಕಿ ಹತ್ತು ದಿನ. ಗೋಣಿಚೀಲ ಹೊದಿಸಿ ದಿನಕ್ಕೆರಡು ಸಲ ನೀರು ಹೊಡೆಯಬೇಕು. ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಯಾರೋ ಬಿಂದಿಗೆಯಲ್ಲಿ ನೀರು ಸುರಿಯುತ್ತಿದ್ದರು. ಪ್ರೇಮ್‌ಕುಮಾರ್. ಡ್ಯೂಟಿಗೆ ಹೋಗುವ ಮೊದಲು ದಿನವೂ ಟಿ. ನರಸೀಪುರದಿಂದ ಬೈಕಿನಲ್ಲಿ ಬರುತ್ತಿದ್ದಾನಂತೆ.

“ಆ ಮೂಲೆ ಒಣಗ್ಬುಟ್ಟದೆ ನೋಡು” ಎಂದ ನನಗೆ. ಐದು ತಿಂಗಳ ಮೇಲೆ ಆಡಿದ ಮೊದಲ ಮಾತು. ನಾನು ಇನ್ನೊಂದು ಬಿಂದಿಗೆ ತೆಗೆದುಕೊಂಡೆ. ಚಿಕ್ಕಪ್ಪನ ಹೆಸರು ಕೆತ್ತಿಸೋಣವೇ ಎಂದು ಕೇಳಿದೆ. “ಬ್ಯಾಡ. ಕೇರಿಯೋರ ಕೈಲಿ ಬೈಸ್ಕೊಳ್ಳೋದು ಈಗ ತಪ್ಪೋಯ್ತು, ಎಸ್ರು ಕಂಡ್ರೆ ಮತ್ತೆ ಸುರು ಮಾಡ್ತಾರೆ” ಎಂದು ನಕ್ಕ.

ಮಾರ್ಚ್ 2, ಭಾನುವಾರ

ನಾಲೆಯಲ್ಲಿ ನೀರಿಲ್ಲ. ಆದರೂ ಕೇರಿಯವರೆಲ್ಲ ಸೇತುವೆಯ ಮೇಲೆಯೇ ದಾಟಿ ದಾಟಿ ಬರುತ್ತಿದ್ದರು. ಸಂಜೆ ಬಿಸಿಲಿಳಿದ ಮೇಲೆ ಮಂಚಮ್ಮತ್ತೆ ನನ್ನ ಮೊಣಕೈ ಹಿಡಿದು ಬಂದಳು. ನಡುವೆ ನಿಂತು, ಕೋಲನ್ನು ಅಡ್ಡ ಹಿಡಿದು ಅಗಲ ನೋಡಿದಳು. “ನಾಕ್ ಜನ ಒತ್ಕೊಂಡ್ ಬಂದ್ರೂ ಆಯ್ತದೆ” ಎಂದಳು.

ಮಸಣಕ್ಕೆ ಹೆಂಗಸರು ಹೋಗುವ ವಾಡಿಕೆಯಿಲ್ಲ. ಅವಳು ಆ ಮಾತನ್ನೇ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮೊದಲು ಗಂಡನ ಮಣ್ಣಿನ ಹತ್ತಿರ ಹೋಗಿ ಒಣಗಿದ ಹುಲ್ಲು ಕಿತ್ತಳು. ಆಮೇಲೆ ಚಿಕ್ಕಪ್ಪನ ಹತ್ತಿರ ಬಂದಳು. ಮಣ್ಣು ಇನ್ನೂ ಉಬ್ಬಿಕೊಂಡೇ ಇದೆ. ಬೈಯುತ್ತಾಳೆ ಎಂದುಕೊಂಡೆ. ಕೋಲು ಪಕ್ಕಕ್ಕಿಟ್ಟು, ಕಷ್ಟಪಟ್ಟು ಕೂತು, ಕಾಲಿನ ಕಡೆಯ ಮಣ್ಣನ್ನು ಅಂಗೈಯಿಂದ ಸವರಿದಳು.

“ಲೇ ಮಾದು, ಕಾಲು ಒದ್ದೆ ಮಾಡಿ ಕಳುಸ್ದೊ ಕಣ್ಲಾ ನಿನ್ನ” ಎಂದಳು.

ಸವರುತ್ತಲೇ ಇದ್ದಳು. ನಾನೂ ಅವಳ ಪಕ್ಕ ಕೂತೆ. ದೂರದಲ್ಲಿ ನಂಜನಗೂಡಿನ ಕಡೆಯ ಬಸ್ಸು ಹಾರನ್ ಹಾಕಿ ಹೋದದ್ದು ಕೇಳಿಸಿತು. ಆಮೇಲೆ ಇನ್ನೊಂದು ಹೋಯಿತು. ಕತ್ತಲಾಗುವವರೆಗೂ ಅಲ್ಲಿಯೇ ಕೂತಿದ್ದೆವು.